ಡಿಝಡ್ ಮುದ್ರೆ ನಂಬಿ ಕೊಂಡ ಕ್ಯಾಮರೋ: ಹಣ ಕೊಡುವ ಮೊದಲು ಇದನ್ನು ಓದಿ

ಎರಡು ವರ್ಷಗಳ ಹಿಂದೆ 1969ರ ಷೆವರ್ಲೆ ಕ್ಯಾಮರೋ ಒಂದನ್ನು ರೇಸಿಗಾಗಿ ರೂಪಿಸಿದ ಅಸಲಿ ಝಡ್/28 ಮಾದರಿ ಎಂದು ನಂಬಿ ಕೊಂಡೆ. ಎಂಜಿನ್ ಅಸಲಿ ಅಲ್ಲ ಎಂದು ತಿಳಿಯುವ ಹೊತ್ತಿಗೆ, ಸಾಧಾರಣ ಕ್ಯಾಮರೋಗೆ ಕೊಡಬೇಕಾದುದಕ್ಕಿಂತ ಇಪ್ಪತ್ತು ಸಾವಿರ ಡಾಲರ್ ಹೆಚ್ಚು ಕೊಟ್ಟಾಗಿತ್ತು. ಡೆಟ್ರಾಯಿಟ್ ಸುತ್ತ ನೆಲೆಸಿರುವ ನನ್ನ ಪರಿಚಯದ ಮೂವರು ಕನ್ನಡಿಗರು ಈಗ ಇಂತಹುದೇ ಕಾರು ಹುಡುಕುತ್ತಿದ್ದಾರೆ. ಅವರಿಗೆ ಫೋನಿನಲ್ಲಿ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ಈ ಎಂಜಿನ್‌ಗೆ ಇಷ್ಟು ಬೆಲೆ ಏಕೆ ಎಂಬುದನ್ನು ಹೇಳಬೇಕು. ಅಂದಿನ ಅಮೆರಿಕದ ಟ್ರಾನ್ಸ್-ಆಮ್ ಕಾರು ರೇಸುಗಳಲ್ಲಿ ಎಂಜಿನ್ ಗಾತ್ರಕ್ಕೆ 5 ಲೀಟರ್, ಅಂದರೆ 305 ಘನ ಅಂಗುಲದ ಮಿತಿ ಇತ್ತು. ಅದರೊಳಗೆ ನಿಲ್ಲಲು ಷೆವರ್ಲೆ 4 ಅಂಗುಲದ ಬೋರ್‌ಗೆ (ಸಿಲಿಂಡರಿನ ವ್ಯಾಸ) ಕೇವಲ 3 ಅಂಗುಲದ ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) ಜೋಡಿಸಿ 302 ಘನ ಅಂಗುಲದ, ಎಂಟು ಸಿಲಿಂಡರಿನ ವಿ8 ಮಾಡಿತು. ಕಾಗದದ ಮೇಲೆ ಅದಕ್ಕೆ 290 ಅಶ್ವಶಕ್ತಿ. 1969ರಲ್ಲಿ ತಯಾರಾದ 2,43,085 ಕ್ಯಾಮರೋಗಳಲ್ಲಿ 20,302 ಮಾತ್ರ ಝಡ್/28. ಆದರೆ ಸರ್ವೇಸಾಮಾನ್ಯವಾದ 350 ಘನ ಅಂಗುಲದ ಎಂಜಿನ್‌ಗೂ ಅದೇ 4 ಅಂಗುಲದ ಬೋರ್. ಅದರ ಸ್ಟ್ರೋಕ್ 3.48 ಅಂಗುಲ ಎಂಬುದು ಹೊಟ್ಟೆಯೊಳಗಿನ ಸಂಗತಿ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಮೋಸಕ್ಕೆ ದಾರಿಯಾಗುವುದು ಇಲ್ಲಿಯೇ.

ಒಹಾಯೋದ ಒಂದು ಸಣ್ಣ ಊರಿನಲ್ಲಿ ಕಾರು ನೋಡಿದೆ. ಬಾನೆಟ್ ಮೇಲಿನ ಪಟ್ಟೆಗಳು, ಝಡ್/28 ಲಾಂಛನಗಳು, ನಾಲ್ಕು ಗೇರಿನ ಮನ್ಸಿ ಗೇರ್‌ಬಾಕ್ಸ್, ಹಾಲಿ ಕಾರ್ಬ್ಯುರೇಟರ್ ಎಲ್ಲವೂ ಇದ್ದವು. ಎಂಜಿನ್ ಚಾಲೂ ಮಾಡಿದಾಗ ವಾಲ್ವ್‌ಗಳನ್ನು ತಳ್ಳುವ ಸಾಲಿಡ್ ಟ್ಯಾಪೆಟ್‌ಗಳ ಟಿಕಟಿಕ ಸದ್ದು ಕೇಳಿ ನನ್ನ ಮನಸ್ಸು ಅರ್ಧ ಸೋತಿತ್ತು. ಅಂತಹ ಟ್ಯಾಪೆಟ್‌ಗಳನ್ನೂ ಅವನ್ನು ನಡೆಸುವ ಕ್ಯಾಮ್ ಶಾಫ್ಟನ್ನೂ 350ಕ್ಕೂ ಹಾಕಬಹುದು ಎಂಬುದು ಆಗ ನೆನಪಾಗಲಿಲ್ಲ. ಪಟ್ಟೆ, ಲಾಂಛನ, ಸ್ಟಿಕ್ಕರ್‌ಗಳೂ ಇಂದು ಹೊಸದಾಗಿಯೇ ಸಿಗುತ್ತವೆ.

ಮಾರುವವರು ಎಂಜಿನ್‌ನ ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್‌ನ ಮುಂದೆ ಇರುವ ಪುಟ್ಟ ಸಮತಟ್ಟು ಜಾಗವನ್ನು ತೋರಿಸಿದರು. ಆಲ್ಟರ್ನೇಟರ್ ಅದನ್ನು ಅರ್ಧ ಮುಚ್ಚಿರುತ್ತದೆ. ಅಲ್ಲಿ ವಿ0319ಡಿಝಡ್ ಎಂದಿತ್ತು. ವಿ ಎಂದರೆ ಫ್ಲಿಂಟ್ ಎಂಜಿನ್ ಕಾರ್ಖಾನೆ, 0319 ಎಂದರೆ ಮಾರ್ಚ್ 19, ಡಿಝಡ್ ಎಂದರೆ 1969ರ 302. ಪಕ್ಕದಲ್ಲಿಯೇ 19ಎನ್ ಎಂದು ಆರಂಭವಾಗುವ ಕಾರಿನ ಕ್ರಮಸಂಖ್ಯೆ. ವಿಂಡ್‌ಶೀಲ್ಡ್ ಕೆಳಗಿನ ಸಂಖ್ಯೆಯ ಕೊನೆಯ ಭಾಗಕ್ಕೆ ಅಕ್ಷರಶಃ ಸರಿಹೊಂದುತ್ತಿತ್ತು. ಆಲ್ಟರ್ನೇಟರ್ ಬಿಚ್ಚುವ ಅಗತ್ಯವಿಲ್ಲ ಎಂದರು. ನಾನು ಒಪ್ಪಿ ಚೆಕ್ ಬರೆದೆ.

ಆರು ತಿಂಗಳಲ್ಲಿ ಹೆಡ್ ಗ್ಯಾಸ್ಕೆಟ್ ಸೋರತೊಡಗಿತು. ಈ ಕಾರುಗಳ ಮೇಲೆಯೇ ಆಯುಷ್ಯ ಕಳೆದಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದೆ. ಅವರು ಆಲ್ಟರ್ನೇಟರ್ ಬಿಚ್ಚಿ, ಆ ಜಾಗವನ್ನು ದ್ರಾವಕದಿಂದ ಒರೆಸಿ, ಟಾರ್ಚನ್ನು ಅಡ್ಡಲಾಗಿ ಹಿಡಿದರು. "ಇದನ್ನು ಯಾರು ಮಿಲ್ಲಿಂಗ್ ಮಾಡಿಸಿದರು?" ಎಂದು ಕೇಳಿದರು. ಕಾರ್ಖಾನೆಯಲ್ಲಿ ಈ ಮೇಲ್ಮೈಯನ್ನು ಬ್ರೋಚಿಂಗ್ ಯಂತ್ರ ಕೊರೆಯುತ್ತಿತ್ತು. ಅದು ಮುಂದಿನಿಂದ ಹಿಂದಕ್ಕೆ ನೂಲೆಳೆದಂತೆ ನೇರ ಗೆರೆಗಳನ್ನು ಬಿಡುತ್ತದೆ. ನನ್ನ ಎಂಜಿನ್‌ನಲ್ಲಿದ್ದದ್ದು ತಿರುಗುವ ಕಟ್ಟರ್ ಬಿಟ್ಟ ಬಾಗಿದ ಗೆರೆಗಳು.

ನನ್ನ ಅಪ್ಪ ಹರಿಹರದಲ್ಲಿ ಕಿರ್ಲೋಸ್ಕರ್ ಲೇಥ್ ಮೇಲೆ ಮೂವತ್ತು ವರ್ಷ ದುಡಿದವರು. ಕಬ್ಬಿಣದ ತುಂಡನ್ನು ಬೆಳಕಿಗೆ ಓರೆಯಾಗಿ ಹಿಡಿದು, ಅದನ್ನು ಯಾವ ಯಂತ್ರ ಮುಟ್ಟಿದೆ ಎಂದು ನನಗೆ ಕಲಿಸಿದವರು. ಅವರ ಮಗನಾಗಿ ನಾನು ಅಂಕಿಗಳನ್ನು ಓದಿದೆನೇ ಹೊರತು ಅವುಗಳ ಕೆಳಗಿನ ಕಬ್ಬಿಣವನ್ನು ನೋಡಲಿಲ್ಲ. ಈ ನೋವು ಹಣ ಕಳೆದುಕೊಂಡದ್ದಕ್ಕಿಂತ ಹೆಚ್ಚು.

ಪ್ರಾಮಾಣಿಕವಾಗಿ ಎಂಜಿನ್ ರಿಪೇರಿ ಮಾಡಿಸುವಾಗಲೂ ಬ್ಲಾಕ್‌ನ (ಎಂಜಿನ್‌ನ ಮುಖ್ಯ ಎರಕದ ಭಾಗ) ಮೇಲ್ಭಾಗವನ್ನು, ಮುದ್ರೆ ಇರುವ ಜಾಗವೂ ಸೇರಿದಂತೆ, ಸಮ ಮಾಡಿಸುತ್ತಾರೆ, ಆಗಲೂ ನೇರ ಗೆರೆಗಳು ಅಳಿಯುತ್ತವೆ ಎಂಬುದು ನಿಜ. ಆದರೆ ಆಗ ಅಂಕಿಗಳೂ ಸವೆಯಬೇಕು ಅಥವಾ ಅಳಿಯಬೇಕು. ಹೊಸ ಮೇಲ್ಮೈಯ ಮೇಲೆ ಹರಿತವಾದ ಅಂಕಿಗಳು ನಿಂತಿದ್ದರೆ ಅವನ್ನು ಆಮೇಲೆ ಗುದ್ದಲಾಗಿದೆ. ಇನ್ನೊಂದು ಸುಳಿವೂ ಇತ್ತು. ಎಂಜಿನ್ ಸಂಕೇತವನ್ನು ಫ್ಲಿಂಟ್‌ನಲ್ಲಿಯೂ ಕಾರಿನ ಸಂಖ್ಯೆಯನ್ನು ನಾರ್ವುಡ್ ಜೋಡಣಾ ಕಾರ್ಖಾನೆಯಲ್ಲಿಯೂ ಬೇರೆ ಬೇರೆ ಕೈಗಳು ಒತ್ತುತ್ತಿದ್ದವು. ನನ್ನದರಲ್ಲಿ ಎರಡೂ ಒಂದೇ ಆಳ, ಒಂದೇ ಅಚ್ಚು.

ಕೊನೆಯ ಅನುಮಾನವನ್ನು ಎರಕದ ದಿನಾಂಕ ಪರಿಹರಿಸಿತು. ಬ್ಲಾಕ್‌ನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಯ ಬೆಲ್ ಹೌಸಿಂಗ್ ಸೇರುವ ಅಂಚಿನ ಮೇಲೆ ಉಬ್ಬಕ್ಷರಗಳಲ್ಲಿ ಎಫ್ 10 9 ಎಂದಿತ್ತು. ಎಫ್ ಆರನೆಯ ಅಕ್ಷರ, ಅಂದರೆ ಜೂನ್ 10. ಜೂನ್‌ನಲ್ಲಿ ಎರಕ ಹೊಯ್ದ ಬ್ಲಾಕ್ ಮಾರ್ಚ್‌ನಲ್ಲಿ ಎಂಜಿನ್ ಆಗಲು ಹೇಗೆ ಸಾಧ್ಯ? ವರ್ಷಕ್ಕೆ ಒಂದೇ ಅಂಕಿ ಇರುವುದರಿಂದ ಆ 9 ಎಂಬುದು 1979 ಕೂಡ ಆಗಿರಬಹುದು, ಏಕೆಂದರೆ ಬ್ಲಾಕ್ ಮೇಲಿದ್ದ 3970010 ಎಂಬ ಎರಕದ ಸಂಖ್ಯೆ ಎಪ್ಪತ್ತರ ದಶಕದುದ್ದಕ್ಕೂ ಸಾಧಾರಣ 350ಗಳಲ್ಲಿ ಬಳಕೆಯಾಗಿದೆ. ಆ ಸಂಖ್ಯೆಯನ್ನು ತೋರಿಸಿ "ಇದು 302ರ ಬ್ಲಾಕ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೆಡ್ ತೆಗೆದು ಸ್ಟ್ರೋಕ್ ಅಳೆದಾಗ ಸಿಕ್ಕಿದ್ದು 3.48 ಅಂಗುಲ.

ಇನ್ನು ಕಾರಿನ ಸಂಖ್ಯೆ. 1969ರ ಕ್ಯಾಮರೋದಲ್ಲಿ 12437 ಎಂದು ಆರಂಭವಾದರೆ ಅದು ವಿ8 ಕೂಪೆ ಎಂದಷ್ಟೇ ಅರ್ಥ. ಝಡ್/28 ಹೌದೋ ಅಲ್ಲವೋ ಎಂದು ಅದು ಹೇಳುವುದೇ ಇಲ್ಲ. ನಾರ್ವುಡ್‌ನಲ್ಲಿ 1968ರ ಡಿಸೆಂಬರ್ ನಂತರ ತಯಾರಾದ ಕಾರಾದರೆ ಎಂಜಿನ್ ಹಿಂದಿನ ಗೋಡೆಯಾದ ಫೈರ್‌ವಾಲ್ ಮೇಲಿನ ತಗಡಿನಲ್ಲಿ ಝಡ್/28ರ ಸಂಕೇತವಾದ ಎಕ್ಸ್33 ಅಥವಾ ಎಕ್ಸ್77 ಹುಡುಕಿ, ಆದರೆ ನಕಲಿ ತಗಡುಗಳೂ ಇವೆ ಎಂಬುದು ನೆನಪಿರಲಿ. ವಾರಂಟಿ ಪುಸ್ತಕಕ್ಕೆ ಅಂಟಿಸುತ್ತಿದ್ದ ಪ್ರೊಟೆಕ್ಟ್-ಒ-ಪ್ಲೇಟ್ ಎಂಬ ಲೋಹದ ಫಲಕ ಇದೆಯೇ ಎಂದು ಕೇಳಿ. ಕಾರು ಮೊದಲು ಕೆನಡಾದಲ್ಲಿ ಮಾರಾಟವಾಗಿದ್ದರೆ ಜನರಲ್ ಮೋಟರ್ಸ್‌ನ ಕೆನಡಾ ಶಾಖೆಯಿಂದ ಮೂಲ ದಾಖಲೆ ತರಿಸಬಹುದು. ಆಲ್ಟರ್ನೇಟರ್ ಬಿಚ್ಚಲು ಮಾರುವವರು ಒಪ್ಪದಿದ್ದರೆ ಅಲ್ಲಿಂದ ಹೊರಟುಬಿಡಿ.

ಅಸಲಿ ಎಂಜಿನ್ ಎಂಬ ಮಾತು ಮಾರಾಟ ಪತ್ರದಲ್ಲಿ ಬರಲೇಬೇಕು. ನನ್ನ ಪತ್ರದಲ್ಲಿ "1969 ಕ್ಯಾಮರೋ, ಇದ್ದ ಸ್ಥಿತಿಯಲ್ಲಿ" ಎಂದಷ್ಟೇ ಇತ್ತು. ವಕೀಲರು ಅದನ್ನು ಓದಿ, ಈ ಕಾಗದ ಇಟ್ಟುಕೊಂಡು ಹೋರಾಡುವುದು ಕಷ್ಟ ಎಂದು ಹಿಂದಿರುಗಿಸಿದರು. ಮಾರಿದವರು ಈಗ ಫೋನ್ ಎತ್ತುವುದಿಲ್ಲ. ಕಾರಿನಿಂದ ಝಡ್/28 ಲಾಂಛನಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮುಂದೊಂದು ದಿನ ಮಾರುವುದಾದರೆ ಎಂಜಿನ್ 350 ಎಂದು, ಮುದ್ರೆ ಆಮೇಲೆ ಹಾಕಿದ್ದು ಎಂದು ಪತ್ರದಲ್ಲಿಯೇ ಬರೆದು ಕೊಡುತ್ತೇನೆ.