ಕೈಕೆಲಸಕ್ಕೆ ನಾಲ್ಕೂವರೆ, ಸಲಹೆಗೆ ಒಂದು: ಬಿ-275 ಇಂಜಿನ್ ಕಟ್ಟಿಸಿದ ಅನುಭವ

ನಮ್ಮ ಮನೆಯ 1974ರ ಬಿ-275 ಟ್ರ್ಯಾಕ್ಟರಿನ ಇಂಜಿನ್ನನ್ನು ಈ ವರ್ಷ ತೊಗರಿ ರಾಶಿ ಮುಗಿದ ಮೇಲೆ ವಿಜಯಪುರದ ಹೊರವಲಯದ ಒಂದು ವರ್ಕ್‌ಶಾಪಿನಲ್ಲಿ ಪೂರ್ತಿ ಬಿಚ್ಚಿಸಿ ಕಟ್ಟಿಸಿದೆ. ವರ್ಕ್‌ಶಾಪಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮೆಚ್ಚುಗೆಯ ಜೊತೆಗೆ ಒಂದು ದೂರೂ ಇದೆ, ಮತ್ತು ಆ ದೂರು ಅವರೊಬ್ಬರ ಮೇಲೆ ಹಾಕುವಂಥದ್ದಲ್ಲ. ಹೊಸದಾಗಿ ಕಟ್ಟಿದ ಇಂಜಿನ್ನನ್ನು ಮೊದಲು ಲೋಡ್ ಇಲ್ಲದೆ ನಿಧಾನಕ್ಕೆ ಬಿಡಿ ಎಂಬ ಅದೇ ಮಾತನ್ನೇ ನಾನು ಕೇಳಿದ ಮಿಸ್ತ್ರಿಗಳೆಲ್ಲರೂ ಹೇಳಿದರು. ಕೈಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಅಂಕ ಕೊಡುತ್ತೇನೆ, ಗಾಡಿ ಒಪ್ಪಿಸುವಾಗ ಕೊಟ್ಟ ಸಲಹೆಗೆ ಒಂದು.

ಬಿ-275ರ ಪರಿಚಯ ಹಳಬರಿಗೆ ಬೇಕಿಲ್ಲ. ಮಹೀಂದ್ರಾದವರು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಕೂಡಿ 1963ರಲ್ಲಿ ಕಟ್ಟಿದ ಕಂಪನಿಯಿಂದ ಬಂದ ಗಾಡಿ ಇದು. ನಾಲ್ಕು ಸಿಲಿಂಡರು, 35 ಅಶ್ವಶಕ್ತಿ, ಇಂಜಿನ್ನಿನ ಗಾತ್ರ 144 ಘನ ಅಂಗುಲ, ಅಂದರೆ ಹತ್ತಿರ ಹತ್ತಿರ 2.36 ಲೀಟರು. ನಮ್ಮದು ಎರಡು ವರ್ಷದಿಂದ ನೀಲಿ ಹೊಗೆ ಬಿಡುತ್ತಿತ್ತು, ಇಂಜಿನ್ನಿನ ಒಳಗಾಳಿ ಹೊರಹೋಗುವ ಬ್ರೀದರಿನಿಂದ ಎಣ್ಣೆ ಉಗುಳುತ್ತಿತ್ತು. ಇಂಜಿನ್ ಬಿಚ್ಚಿದ ದಿನ ಮಿಸ್ತ್ರಿ ಮೊದಲು ತೋರಿಸಿದ್ದು ಸಿಲಿಂಡರಿನ ಒಳಗೋಡೆಯಾದ ಲೈನರನ್ನಲ್ಲ, ಏರ್ ಕ್ಲೀನರಿನ ತಳದ ಬಟ್ಟಲನ್ನು. ಎಣ್ಣೆ ಇರಬೇಕಾದ ಜಾಗದಲ್ಲಿ ಅಂಬಲಿಯಷ್ಟು ಗಟ್ಟಿಯಾದ ಕಪ್ಪು ಕೆಸರಿತ್ತು. ದೋಣಿ ನದಿ ಸಾಲಿನ ಎರೆಮಣ್ಣಿನ ಧೂಳು ವರ್ಷಗಟ್ಟಲೆ ಆ ಬಟ್ಟಲು ದಾಟಿ ಒಳಗೆ ಹೋಗಿ, ಲೈನರನ್ನು ಮೇಲ್ತುದಿಯಲ್ಲಿ ಉಗುರಿಗೆ ತಾಕುವಷ್ಟು ತೇಯ್ದಿತ್ತು. ಇದರಲ್ಲಿ ತಪ್ಪು ಪೂರ್ತಿ ನನ್ನದು.

ಕೆಲಸ ಅಚ್ಚುಕಟ್ಟಾಗಿತ್ತು. ಕ್ರ್ಯಾಂಕನ್ನು ಹತ್ತು ಥೌ (ಅಂಗುಲದ ಸಾವಿರದಲ್ಲಿ ಹತ್ತು ಭಾಗ) ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಬೇರಿಂಗ್ ಹಾಕಿದರು; ಪಿಸ್ಟನ್ನಿನ ಪ್ರತಿ ರಿಂಗನ್ನು ಅದರದೇ ಲೈನರಿನೊಳಗೆ ಇಳಿಸಿ ಫೀಲರ್ ಗೇಜಿನಿಂದ ಬಾಯಿ ಅಳೆದರು; ಕ್ರ್ಯಾಂಕಿನ ಎಣ್ಣೆ ತೂತುಗಳನ್ನು ಬ್ರಷ್ಷು, ಸೀಮೆಎಣ್ಣೆ, ಗಾಳಿ ಮೂರರಿಂದಲೂ ತೊಳೆದರು. ಪಿಸ್ಟನ್ ಇಳಿಸುವ ಮೊದಲು ನಾನು ಬ್ಯಾಟರಿ ಹಿಡಿದು ಲೈನರಿನೊಳಗೆ ನೋಡಿದೆ. ಹೋನಿಂಗಿನ, ಅಂದರೆ ಗೋಡೆಯನ್ನು ಕಲ್ಲಿನಿಂದ ಉಜ್ಜಿದ, ಗೆರೆಗಳು ಒಂದರ ಮೇಲೊಂದು ಅಡ್ಡಹಾಯ್ದು, ಜರಡಿಯ ಬಲೆಯ ಹಾಗೆ ತಳದವರೆಗೂ ಸಮನಾಗಿ ಕಾಣುತ್ತಿದ್ದವು. ಮೊದಲ ಸಲ ಚಾಲೂ ಮಾಡುವಾಗಲೂ ಅವಸರಪಡಲಿಲ್ಲ: ಫಿಲ್ಟರಿಗೆ ಮೊದಲೇ ಎಣ್ಣೆ ತುಂಬಿ, ಸ್ಟಾಪ್ ಗುಂಡಿ ಎಳೆದಿಟ್ಟು, ಸ್ಟಾರ್ಟರನ್ನು ಬಿಟ್ಟು ಬಿಟ್ಟು ಹೊಡೆದು, ಎಣ್ಣೆ ಪ್ರೆಶರಿನ ಮುಳ್ಳು ಏಳುವವರೆಗೆ ಡೀಸೆಲ್ ಬಿಡಲಿಲ್ಲ.

ಇಷ್ಟೆಲ್ಲ ಮಾಡಿದವರು ಬೀಗದ ಕೈ ಕೊಡುವಾಗ ಹೇಳಿದ್ದು ಹೀಗೆ: “ಗೌಡ್ರ, ಮನಿಗೆ ಒಯ್ದು ಎರಡು ದಿನ ಸ್ಲೋದಾಗ ಬಿಡ್ರಿ. ಲೋಡ್ ಹಾಕಬ್ಯಾಡ್ರಿ. ತಾನ ಸೆಟ್ ಆಕ್ಕೈತಿ.” ನಾನು, “ಕಾಕಾ, ರಿಂಗ್ ಕೂಡಬೇಕಂದ್ರ ಲೋಡ್ ಬೇಕಲ್ರಿ?” ಎಂದೆ. ಮೂವತ್ತು ವರ್ಷದಿಂದ ಹೀಗೇ ಮಾಡುತ್ತ ಬಂದಿದ್ದೇವೆ ಎಂಬ ಉತ್ತರ ಬಂತು.

ಹೊಸ ರಿಂಗು ಲೈನರಿನ ಗೋಡೆಗೆ ಹೊಂದಿಕೊಳ್ಳುವುದು ತನ್ನ ಬಿಗುವಿನಿಂದ ಮಾತ್ರ ಅಲ್ಲ. ಡೀಸೆಲ್ ಉರಿದಾಗ ಹುಟ್ಟುವ ಒತ್ತಡ ರಿಂಗಿನ ಹಿಂದಿನ ಸಂದಿಗೆ ನುಗ್ಗಿ ಅದನ್ನು ಹೊರಕ್ಕೆ ಒತ್ತುತ್ತದೆ. ಆ ಒತ್ತಿನಲ್ಲಿ ಹೋನಿಂಗಿನ ಗೆರೆಗಳ ಚೂಪು ತುದಿಗಳೂ ರಿಂಗಿನ ಮುಖವೂ ಒಂದನ್ನೊಂದು ತುಸುವೇ ತೇಯ್ದು ಜೋಡಿಯಾಗುತ್ತವೆ. ಲೋಡ್ ಇಲ್ಲದೆ ನಿಧಾನಗತಿಯಲ್ಲಿ ಬಿಟ್ಟರೆ ಉರಿಯುವ ಡೀಸೆಲ್ ಕಡಿಮೆ, ಒತ್ತಡ ಕಡಿಮೆ, ಇಂಜಿನ್ನೂ ಸರಿಯಾಗಿ ಕಾಯುವುದಿಲ್ಲ. ಅರೆಬೆಂದ ಡೀಸೆಲ್ಲು ಮತ್ತು ಎಣ್ಣೆ ಗೋಡೆಯ ಮೇಲೆ ಸುಟ್ಟು ಕೂತು, ಎಣ್ಣೆ ಹಿಡಿದಿಡಬೇಕಾದ ಗೆರೆಗಳನ್ನೇ ಮುಚ್ಚಿ ಕನ್ನಡಿಯಂಥ ಪದರವಾಗುತ್ತದೆ. ಆಮೇಲೆ ಎಷ್ಟು ಓಡಿಸಿದರೂ ರಿಂಗು ಕೂಡುವುದು ಕಷ್ಟ, ಮತ್ತೆ ಬಿಚ್ಚಿ ಹೋನ್ ಮಾಡಿಸಬೇಕಾಗುತ್ತದೆ. ಹೋರಿಯನ್ನು ಗೋದಲಿಗೆ ಕಟ್ಟಿ ಹಾಕಿ ಯಾರೂ ಪಳಗಿಸುವುದಿಲ್ಲ. ಹಗುರಾದ ಕುಂಟೆ ಹೂಡಿಯೇ ಪಳಗಿಸುತ್ತಾರೆ.

ಹೀಗಾಗಿ ಮರುದಿನವೇ ತೊಗರಿ ಕೊಯ್ದ ಹೊಲಕ್ಕೆ ಇಳಿಸಿದೆ. ಅವರ್ ಮೀಟರು ನಿಂತು ಇಪ್ಪತ್ತು ವರ್ಷವಾಗಿರುವುದರಿಂದ ತಾಸಿನ ಲೆಕ್ಕವನ್ನು ಹಾಲಿನ ಹಳೆಯ ವಹಿಯಲ್ಲಿ ಬರೆದಿಟ್ಟೆ. ಮೊದಲ ಹತ್ತು ತಾಸು ಕಲ್ಟಿವೇಟರನ್ನು ತೆಳ್ಳಗೆ ಇಳಿಸಿ, ಮುಕ್ಕಾಲು ಥ್ರಾಟಲಿನ ಆಸುಪಾಸಿನಲ್ಲಿ, ಒಂದೇ ವೇಗಕ್ಕೆ ಕಟ್ಟಿಹಾಕದೆ ಆಗಾಗ ಏರಿಸಿ ಇಳಿಸಿ ಓಡಿಸಿದೆ. ದೊಡ್ಡ ಗೇರಿನಲ್ಲಿ ಇಂಜಿನ್ ಏದುಸಿರು ಬಿಡುವಂತೆ ಎಳೆಸಲಿಲ್ಲ. ನಂತರದ ದಿನಗಳಲ್ಲಿ ಆಳ ಹೆಚ್ಚಿಸಿದೆ. ಊಟಕ್ಕೆ ಹೋಗುವಾಗ ಇಂಜಿನ್ ಬಂದ್ ಮಾಡುತ್ತಿದ್ದೆ, ಚಾಲೂ ಬಿಟ್ಟು ಬೇವಿನ ನೆರಳಿಗೆ ಹೋಗುವ ನಮ್ಮ ಹಳೆಯ ಚಟವನ್ನು ಐವತ್ತು ತಾಸಿನ ಮಟ್ಟಿಗಾದರೂ ಬಿಟ್ಟೆ. ಐದನೆಯ ತಾಸಿಗೆ ಮಿಸ್ತ್ರಿ ತಾವೇ ಹೊಲಕ್ಕೆ ಬಂದು, ಹೆಡ್ಡಿನ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಮರುಬಿಗಿದು, ವಾಲ್ವಿನ ಟ್ಯಾಪೆಟ್ ಗ್ಯಾಪು ಸರಿಮಾಡಿ, ಒಂದು ರೂಪಾಯಿಯನ್ನೂ ಕೇಳದೆ ಚಹಾ ಕುಡಿದು ಹೋದರು. ಕಲ್ಟಿವೇಟರ್ ಮಣ್ಣಿನಲ್ಲಿದ್ದುದನ್ನು ನೋಡಿಯೂ ಏನೂ ಅನ್ನಲಿಲ್ಲ.

ಇನ್ನು ಎಣ್ಣೆಯ ವಿಷಯ. ವರ್ಕ್‌ಶಾಪಿನವರು ಹಾಕಲಿದ್ದದ್ದು ಬ್ಯಾರಲ್ಲಿನ ಬಿಡಿ ಎಣ್ಣೆ. ಅದರ ಮೇಲೆ ದರ್ಜೆಯ ಗುರುತೇ ಇರಲಿಲ್ಲ. ಬೇಡವೆಂದು ಪೇಟೆಗೆ ಹೋದರೆ ಅಂಗಡಿಯವರು ಪೂರ್ಣ ಸಿಂಥೆಟಿಕ್ ಡಬ್ಬಿಯನ್ನೂ ಜೊತೆಗೊಂದು ಅಡಿಟಿವ್ ಬಾಟಲಿಯನ್ನೂ ಮುಂದಿಟ್ಟು, “ಇಂಜಿನ್ನಿಗೆ ಇಷ್ಟ ಖರ್ಚ ಮಾಡೀರಿ, ಎಣ್ಣಿಗ್ಯಾಕ ಹಿಂದ ಸರೀತೀರಿ?” ಎಂದರು. ಮಾತು ಚೆನ್ನಾಗಿತ್ತು, ಆದರೆ ಎರಡನ್ನೂ ಬಿಟ್ಟೆ. ರಿಂಗು ಕೂಡುವ ಕಾಲದಲ್ಲಿ ತುಸು ತಿಕ್ಕಾಟ ಬೇಕು. ಘರ್ಷಣೆ ತಗ್ಗಿಸುವ ಬಾಟಲಿ ಆ ಕೆಲಸಕ್ಕೇ ಅಡ್ಡ. ಕಾರ್ಖಾನೆಯಿಂದಲೇ ಸಿಂಥೆಟಿಕ್ ತುಂಬಿ ಬರುವ ಕಾರುಗಳಿವೆ ನಿಜ, ಆದರೆ ಅವುಗಳ ಸಿಲಿಂಡರನ್ನು ಅದಕ್ಕೆಂದೇ ನಯಗೊಳಿಸಿರುತ್ತಾರೆ; ನಮ್ಮ ಲೇತ್ ಅಂಗಡಿಯ ಹೋನಿಂಗಿಗೆ ಸಾದಾ ಮಿನರಲ್ ಎಣ್ಣೆಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಕೊನೆಗೆ ತಂದದ್ದು ಸೀಲ್ ಇದ್ದ ಡಬ್ಬಿಯ ಮಿನರಲ್ 15ಡಬ್ಲ್ಯು-40 (15ಡಬ್ಲ್ಯು ಚಳಿಯಲ್ಲಿನ ದಪ್ಪದ ಗುರುತು, 40 ಕಾವಿನಲ್ಲಿನದು), ದರ್ಜೆ ಸಿಐ-4. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಗುರುತಿನಲ್ಲಿ ಸಿ ಎಂದರೆ ಡೀಸೆಲ್ ಇಂಜಿನ್ನಿನದು, ಎಸ್ ಎಂದರೆ ಪೆಟ್ರೋಲಿನದು, ಕೊನೆಯ 4 ಎಂದರೆ ಫೋರ್ ಸ್ಟ್ರೋಕ್. ಸಿಐ-4 ಬಂದದ್ದು 2002ರಲ್ಲಿ. 1974ರ ಇಂಜಿನ್ನಿಗೆ ಇದು ಬೇಕಾದುದಕ್ಕಿಂತ ಹೆಚ್ಚೇ, ಕಡಿಮೆಯಲ್ಲ. ಬರೀ 40 ನಂಬರಿನ ಎಣ್ಣೆ ಹಾಕಿದ್ದರೂ ನಮ್ಮ ಬೇಸಿಗೆಗೆ ನಡೆಯುತ್ತಿತ್ತು, ಏಕೆಂದರೆ 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎರಡರ ದಪ್ಪವೂ ಒಂದೇ ಅಳತೆಯೊಳಗೆ ಬರುತ್ತದೆ. ಆದರೆ ಡಿಸೆಂಬರಿನ ಬೆಳಗಿನ ಚಳಿಯಲ್ಲಿ ಚಾಲೂ ಮಾಡಿದ ಕೂಡಲೇ ವಾಲ್ವ್ ಒತ್ತುವ ಮೇಲಿನ ರಾಕರಿನವರೆಗೆ ಬೇಗ ಏರುವುದು 15ಡಬ್ಲ್ಯು. ಹೊಸ ಎಣ್ಣೆಯ ಡಿಟರ್ಜೆಂಟು ಹಳೆಯ ಇಂಜಿನ್ನಿನ ಕಸ ಕಿತ್ತು ತೂತು ಕಟ್ಟುತ್ತದೆ ಎಂದು ಕೆಲವರು ಹೆದರಿಸಿದರು. ಬಿಚ್ಚದ ಇಂಜಿನ್ನಿಗೆ ಆ ಭಯ ಸರಿ. ತಳದ ಎಣ್ಣೆ ಚೇಂಬರಿನವರೆಗೆ ತೊಳೆದು ಕಟ್ಟಿದ್ದಕ್ಕೆ ಕೀಳಲು ಕಸವೇ ಇರುವುದಿಲ್ಲ.

ಇಪ್ಪತ್ತೈದನೆಯ ತಾಸಿಗೆ ಎಣ್ಣೆ ಬಿಸಿಯಿರುವಾಗಲೇ ಇಳಿಸಿದೆ. ಬಿಳಿ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬಿಸಿಲಿಗೆ ಹಿಡಿದರೆ ಬೆಳ್ಳಿ ಬಣ್ಣ ಹಚ್ಚಿದಂತೆ ಸಣ್ಣ ಮಿಂಚು ಹರಿದಾಡುತ್ತಿತ್ತು. ಬೆರಳಿಗೆ ಚುಚ್ಚುವ ಚೂರು ಒಂದೂ ಸಿಗಲಿಲ್ಲ. ರಿಂಗು ಮತ್ತು ಲೈನರು ತೇಯ್ದುಕೊಂಡ ಪುಡಿ ಅದು, ಇರಬೇಕಾದದ್ದೇ. ಆದರೆ ಅದೇ ಎಣ್ಣೆಯಲ್ಲಿ ಮಾಮೂಲಿನಂತೆ 250 ತಾಸು ಓಡಿಸಿದರೆ ಪುಡಿ ಬೇರಿಂಗಿಗೆ ಹೋಗುತ್ತದೆ. ಫಿಲ್ಟರನ್ನೂ ಬದಲಿಸಿ ಅದೇ ದರ್ಜೆಯ ಹೊಸ ಎಣ್ಣೆ ತುಂಬಿದೆ, ಉಳಿದ ಎಣ್ಣೆಯನ್ನು ಏರ್ ಕ್ಲೀನರಿನ ಬಟ್ಟಲಿಗೆ ಗೆರೆಯವರೆಗೆ ಹಾಕಿದೆ.

ಐವತ್ತನೆಯ ತಾಸಿಗೆ ಮತ್ತೆ ಇಳಿಸಿದ ಎಣ್ಣೆಯಲ್ಲಿ ಮಿಂಚು ಕಾಣಲಿಲ್ಲ. ಮೊದಲ ವಾರ ಡಿಪ್‌ಸ್ಟಿಕ್ಕಿನಲ್ಲಿ ದಿನಕ್ಕೊಂದಿಷ್ಟು ಕೆಳಗೆ ಸರಿಯುತ್ತಿದ್ದ ಎಣ್ಣೆ ಈಗ ಮೇಲಿನ ಗೆರೆಯಲ್ಲೇ ನಿಂತಿದೆ, ಬ್ರೀದರಿನ ಮುಂದೆ ಹಿಡಿದ ಅಂಗೈಗೆ ಬರೀ ಬೆಚ್ಚನೆಯ ಗಾಳಿ ತಾಕುತ್ತದೆ. ಡೀಸೆಲ್ ಪಂಪು ಮತ್ತು ನಾಝಲ್ ಕೆಲಸವನ್ನು ಇದೇ ವರ್ಕ್‌ಶಾಪಿಗೆ ಕೊಡಲಿದ್ದೇನೆ. ಎಣ್ಣೆಯ ಡಬ್ಬಿಯನ್ನು ಮಾತ್ರ ಮನೆಯಿಂದಲೇ ಒಯ್ಯುತ್ತೇನೆ.