ತೂಕ ಇಳಿಯುವುದು ನಿಂತಾಗ ಕೊಂಡ ಅಡುಗೆಮನೆ ತಕ್ಕಡಿ: ವರ್ಷ ದಾಟಿದ ಮೇಲೆ ಬರೆದ ವಿಮರ್ಶೆ

ಬಳಸುತ್ತಿರುವುದು: 5 ಕೆಜಿವರೆಗೆ ತೂಗುವ, 1 ಗ್ರಾಂ ಲೆಕ್ಕದಲ್ಲಿ ತೋರಿಸುವ ಮಾಮೂಲಿ ಡಿಜಿಟಲ್ ತಕ್ಕಡಿ. ಬೆಲೆ ಐನೂರು ರೂಪಾಯಿ ಒಳಗೆ. ಐದಕ್ಕೆ ನಾಲ್ಕು ನಕ್ಷತ್ರ.

ತೂಕ ಇಳಿಸಲು ಹೊರಟವರು ಮೊದಲು ಕೊಳ್ಳುವುದು ಮೈತೂಕ ನೋಡುವ ಯಂತ್ರ. ನಮ್ಮ ಮನೆಯಲ್ಲೂ ಅದಿದೆ, ಅದರ ಉಪಯೋಗ ಅದಕ್ಕಿದೆ. ಆದರೆ ತೂಕ ಒಂದೇ ಕಡೆ ನಿಂತುಬಿಟ್ಟಾಗ ಅದು ಹೇಳುವುದು ನಿಂತಿದೆ ಎಂಬುದನ್ನು ಮಾತ್ರ. ಯಾಕೆ ನಿಂತಿದೆ ಎಂದು ಹುಡುಕಲು ನನಗೆ ನೆರವಾದದ್ದು ಒಲೆ ಪಕ್ಕ ಇಟ್ಟುಕೊಂಡಿರುವ ಈ ಪುಟ್ಟ ತಕ್ಕಡಿ. ಅದೇ ಹಂತದಲ್ಲಿ ಸಿಕ್ಕಿಕೊಂಡು ಬೇಸರಪಟ್ಟುಕೊಂಡಿರುವವರಿಗೆ ಉಪಯೋಗವಾಗಲಿ ಎಂದು ವಿವರವಾಗಿಯೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿಗೆ, ಸಂಜೆಯ ಬೇಕರಿ ತಿಂಡಿ ಬಂದ್, ರಾತ್ರಿ ಅನ್ನದ ಬದಲು ಮುದ್ದೆ. ಶುರು ಮಾಡಿದ್ದು ಇಷ್ಟೇ. 78 ಕೆಜಿ ಇದ್ದದ್ದು 72ಕ್ಕೆ ಬಂತು, ಮೊದಲ ಎರಡು ಮೂರು ಕೆಜಿ ಅಂತೂ ಬಹಳ ಬೇಗ. ಆಮೇಲೆ 72ರಲ್ಲೇ ಕೂತಿತು. ಅದೇ ನಡಿಗೆ, ಅದೇ ಊಟ, ಅದೇ ಶಿಸ್ತು. ಒಂದು ತಿಂಗಳು ಕಳೆಯಿತು, ಇನ್ನೊಂದು ತಿಂಗಳೂ ಕಳೆಯುತ್ತಾ ಬಂತು, ಮುಳ್ಳು ಅಲ್ಲಾಡಲಿಲ್ಲ. ಈ ಹಂತದಲ್ಲಿ ತುಂಬಾ ಜನ ಕೈಬಿಡುತ್ತಾರೆ. ಕೈಬಿಡುವ ಮೊದಲು ಒಳಗೆ ನಡೆಯುತ್ತಿರುವುದೇನು ಎಂದು ತಿಳಿದುಕೊಂಡರೆ ಅರ್ಧ ಬೇಸರ ಅಲ್ಲೇ ಇಳಿಯುತ್ತದೆ.

ಮೊದಲು ಬೇಗ ಇಳಿಯುವ ತೂಕದಲ್ಲಿ ನೀರಿನ ಪಾಲು ದೊಡ್ಡದು. ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಸಕ್ಕರೆ ಕೂಡಿಟ್ಟಿರುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಸೇರಿಕೊಂಡಿರುತ್ತದೆ. ಊಟ ಕಡಿಮೆಯಾದಾಗ ಈ ದಾಸ್ತಾನು ಕರಗಿ ನೀರೂ ಹೋಗುತ್ತದೆ. ಆಮೇಲೆ ಉಳಿದದ್ದು ನಿಜವಾದ ಕೊಬ್ಬಿನ ಕೆಲಸ, ಅದು ನಿಧಾನ. ಜೊತೆಗೆ ಹಗುರಾದ ದೇಹಕ್ಕೆ ಖರ್ಚೂ ಕಡಿಮೆ. ಚಾಮುಂಡಿ ಬೆಟ್ಟದ ಅದೇ ಮೆಟ್ಟಿಲುಗಳನ್ನು 78 ಕೆಜಿ ಹೊತ್ತು ಹತ್ತಿದ್ದಕ್ಕೂ 72 ಕೆಜಿ ಹೊತ್ತು ಹತ್ತಿದ್ದಕ್ಕೂ ಒಂದೇ ಶಕ್ತಿ ಸಾಕೇ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಕೊಟ್ಟ ಅಂದಾಜು ನನಗೆ ಕಣ್ಣು ತೆರೆಸಿತು. ಇಳಿದ ಪ್ರತಿ ಕೆಜಿಗೆ ದೇಹದ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ, ಹಸಿವು ಮಾತ್ರ ದಿನಕ್ಕೆ 100 ಕ್ಯಾಲೊರಿಯಷ್ಟು ಹೆಚ್ಚು ಕೇಳುತ್ತದೆ. ನನ್ನ ಆರು ಕೆಜಿಗೆ ಲೆಕ್ಕ ಹಾಕಿ. ಖರ್ಚಿನಲ್ಲೇ ದಿನಕ್ಕೆ 150 ಕ್ಯಾಲೊರಿ ಆಸುಪಾಸು ಕಡಿಮೆಯಾಗಿದೆ. ಹಿಂದೆ ತೂಕ ಇಳಿಸುತ್ತಿದ್ದ ಅದೇ ಊಟ ಈಗ ತೂಕವನ್ನು ಇದ್ದಲ್ಲೇ ಇರಿಸುವ ಊಟವಾಗಿದೆ. ಹಸಿವು ಜಾಸ್ತಿಯಾದದ್ದನ್ನು ಮನಸ್ಸಿನ ದೌರ್ಬಲ್ಯ ಎಂದು ಯಾರೂ ತಮ್ಮನ್ನು ತಾವು ಬೈದುಕೊಳ್ಳಬೇಕಾಗಿಲ್ಲ.

ಒಂದು ಮಾತು ಸೇರಿಸಬೇಕು. ಒಂದು ವಾರ, ಹತ್ತು ದಿನ ತೂಕ ನಿಂತರೆ ಅದನ್ನು ನಿಂತಿತು ಎನ್ನಲಾಗದು. ಉಪ್ಪಿನಕಾಯಿ ಹಪ್ಪಳ ಜಾಸ್ತಿ ತಿಂದರೆ, ಮುಟ್ಟಿನ ದಿನಗಳು ಹತ್ತಿರ ಬಂದರೆ, ಹೊಸ ವ್ಯಾಯಾಮ ಶುರು ಮಾಡಿ ಮೈಕೈ ನೋಯುತ್ತಿದ್ದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ವಾರದ ಸರಾಸರಿ ತೆಗೆದು ನೋಡಿ, ಟೈಲರ್ ಟೇಪಿನಲ್ಲಿ ಸೊಂಟವನ್ನೂ ಅಳೆಯಿರಿ. ನಮ್ಮ ದೇಶದವರಿಗೆ ಸೊಂಟದ ಮಿತಿ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90. ತೂಕ ನಿಂತು ಸೊಂಟ ಇಳಿಯುತ್ತಿದ್ದರೆ ಏನನ್ನೂ ಬದಲಿಸಬೇಡಿ. ನನಗೆ ಎರಡೂ ನಿಂತಿದ್ದವು. ಡಾಕ್ಟರ ಬಳಿ ಹೋಗಿ ಥೈರಾಯ್ಡ್ ಪರೀಕ್ಷೆ ಮಾಡಿಸಿದೆ, ಸರಿಯಾಗಿಯೇ ಇತ್ತು. ಆಮೇಲೆ ಬಂದದ್ದು ಈ ತಕ್ಕಡಿ.

ಮೊದಲು ಅಕ್ಕಿ ತೂಗಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಅನುಭವದಲ್ಲಿ ಮೊದಲು ತೂಗಬೇಕಾದದ್ದು ಎಣ್ಣೆ. ಚಮಚದಲ್ಲಿ ಅಳೆಯಲು ಹೋದರೆ ಒಗ್ಗರಣೆ ಹೊತ್ತಿಗೆ ಯಾರಿಗೂ ತಾಳ್ಮೆ ಇರುವುದಿಲ್ಲ. ತಕ್ಕಡಿಯಲ್ಲಿ ಸುಲಭದ ದಾರಿ ಇದೆ: ಎಣ್ಣೆ ಕ್ಯಾನನ್ನೇ ತಕ್ಕಡಿ ಮೇಲೆ ಇಟ್ಟು ಟೇರ್ ಬಟನ್ ಒತ್ತಿ. ಸೊನ್ನೆ ತೋರಿಸುತ್ತದೆ. ಕ್ಯಾನ್ ಎತ್ತಿ ಬಾಣಲೆಗೆ ಎಂದಿನಂತೆ ಸುರಿದು ಮತ್ತೆ ತಂದಿಡಿ. ಮೈನಸ್ 31 ಎಂದು ಬಂದರೆ 31 ಗ್ರಾಂ ಎಣ್ಣೆ ಬಾಣಲೆಗೆ ಹೋಗಿದೆ. ಚಮಚ ತೊಳೆಯುವ ಕೆಲಸವೂ ಇಲ್ಲ. ನಮ್ಮ ಮನೆಯ ಹುರುಳಿಕಾಯಿ ಪಲ್ಯಕ್ಕೆ, ಬೆಳಗಿನ ಉಪ್ಪಿಟ್ಟಿಗೆ, ಚಿತ್ರಾನ್ನಕ್ಕೆ ಹೀಗೆ ನೋಡುತ್ತಾ ಹೋದೆ. ಒಂದು ಗ್ರಾಂ ಎಣ್ಣೆಗೆ 9 ಕ್ಯಾಲೊರಿ. ಉಪ್ಪಿಟ್ಟಿನ ರವೆಗಿಂತ ಅದರ ಎಣ್ಣೆಯ ಲೆಕ್ಕ ಕಟ್ಟಿಕೊಂಡು ಕೂರಬೇಕಾದ ದಿನಗಳಿದ್ದವು.

ಮನೆಯ ಒಟ್ಟು ಲೆಕ್ಕ ಇನ್ನೂ ಸರಳ. ನಾಲ್ಕು ಜನರ ಮನೆಗೆ ತಿಂಗಳಿಗೆ 5 ಲೀಟರ್ ತರುತ್ತಿದ್ದೆವು. ಒಂದು ಲೀಟರ್ ಎಣ್ಣೆ ತೂಗುವುದು ಸುಮಾರು 910 ಗ್ರಾಂ, ಪ್ಯಾಕೆಟ್ ಮೇಲೇ ಬರೆದಿರುತ್ತದೆ. ಹಂಚಿದರೆ ತಲೆಗೆ ದಿನಕ್ಕೆ 38 ಗ್ರಾಂ. ಕೂತು ಕೆಲಸ ಮಾಡುವವರಿಗೆ ಐಸಿಎಂಆರ್ 2010ರ ಶಿಫಾರಸಿನಲ್ಲಿ ಹೇಳಿದ್ದು ಹೆಂಗಸಿಗೆ 20 ಗ್ರಾಂ, ಗಂಡಸಿಗೆ 25 ಗ್ರಾಂ, ತುಪ್ಪ ಬೆಣ್ಣೆಯೂ ಸೇರಿ. ರುಚಿ ಕೆಡದಂತೆ ನಿಧಾನವಾಗಿ ಇಳಿಸುತ್ತಾ ಬಂದು ಈಗ ತಿಂಗಳಿಗೆ ಮೂರೂಕಾಲು ಲೀಟರಿನಲ್ಲಿ ನಿಂತಿದ್ದೇವೆ, ತಲೆಗೆ 25 ಗ್ರಾಂ ಲೆಕ್ಕ. ದಿನಕ್ಕೆ ಸುಮಾರು 120 ಕ್ಯಾಲೊರಿ ಇಲ್ಲೇ ಉಳಿಯಿತು. ಮೇಲೆ ಹೇಳಿದ 150ರಲ್ಲಿ ಬಹುಪಾಲು ಸಿಕ್ಕಿದ್ದು ಎಣ್ಣೆಯಲ್ಲಿ. ತಟ್ಟೆಯಲ್ಲಿ ಪಲ್ಯ ಅಷ್ಟೇ ಇದೆ, ಅನ್ನ ಅಷ್ಟೇ ಇದೆ, ಯಾರೂ ಅರೆಹೊಟ್ಟೆಯಲ್ಲಿ ಏಳಲಿಲ್ಲ.

ಎರಡನೆಯದು ಮುದ್ದೆ. ನಮ್ಮ ಮಂಡ್ಯ ಕಡೆ ಮುದ್ದೆ ಉಂಡರೆ ಮೈ ಬರಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ರಾಗಿ ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ನೂರು ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು ಇದೆ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಮೂ ಇಲ್ಲ. ಕ್ಯಾಲ್ಸಿಯಂ ಅಂತೂ ಹೋಲಿಸುವ ಹಾಗೇ ಇಲ್ಲ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕ ತೆಗೆದು ನೋಡಿದರೆ ನೂರು ಗ್ರಾಂ ರಾಗಿಗೆ 320 ಕ್ಯಾಲೊರಿ, ಅಕ್ಕಿಗೆ 356. ಅಂತರ ಅಷ್ಟೇ. ನಾನು ಕಟ್ಟುವ ಮುದ್ದೆಯನ್ನು ತೂಗಿದೆ, 290 ಗ್ರಾಂ ಬಂತು, ಅದರೊಳಗೆ ಹೋದ ಹಿಟ್ಟು 90 ಗ್ರಾಂ. ಊರಿನಲ್ಲಿ ಅತ್ತೆ ಕಟ್ಟುವ ಮುದ್ದೆ 420 ಗ್ರಾಂ. ಎರಡಕ್ಕೂ ನಾವು ಹೇಳುವುದು "ಒಂದು ಮುದ್ದೆ" ಅಂತಲೇ.

ಅತ್ತೆ ಬಂದಿದ್ದಾಗ ತಕ್ಕಡಿ ನೋಡಿ, "ಉಣ್ಣೋ ಹಿಟ್ಟ ಯಾರಾರ ತೂಗ್ತಾರ ಕಣವ್ವ?" ಅಂದರು. ಅವರಿಗೆ ಅದು ಸರಿ ಕಾಣಲಿಲ್ಲ. ಅವರ ಮಾತಿನಲ್ಲೂ ನ್ಯಾಯ ಇದೆ, ತಟ್ಟೆ ಮುಂದೆ ಕೂತವರ ಎದುರು ಅಳತೆ ಮಾಡಬಾರದು. ಹಾಗಾಗಿ ನಮ್ಮ ಮನೆಯಲ್ಲಿ ಬೆಂದ ಊಟವನ್ನು ತೂಗುವುದಿಲ್ಲ. ಎಸರಿಗೆ ಸುರಿಯುವ ಮುಂಚೆ ಒಣಹಿಟ್ಟು ತೂಗುತ್ತೇನೆ, ತೊಳೆಯುವ ಮುಂಚೆ ಅಕ್ಕಿ ತೂಗುತ್ತೇನೆ, ಅಲ್ಲಿಗೆ ಮುಗಿಯಿತು. ಲೆಕ್ಕಕ್ಕೂ ಇದೇ ಸರಿ. ಅನ್ನ ಎಷ್ಟು ನೀರು ಕುಡಿದಿದೆ ಎಂಬುದರ ಮೇಲೆ ಬೆಂದ ತೂಕ ದಿನಕ್ಕೊಂದು ಥರ ಬರುತ್ತದೆ. ಅತ್ತೆ ಆಮೇಲೆ ತಾವೇ ಕೇಳಿ ಬಸ್ಸಾರಿನ ಹುರುಳಿ ಜಾಸ್ತಿ ಹಾಕಿಸಿದರು, "ಕಾಳು ಬಿದ್ರೆ ಹಸಿವು ತಡೀತದೆ" ಅಂತ. ಅದು ನಿಜ. ನೂರು ಗ್ರಾಂ ಹುರುಳಿಯಲ್ಲಿ 22 ಗ್ರಾಂ ಆಸುಪಾಸು ಪ್ರೋಟೀನ್ ಇದೆ. ರಾತ್ರಿ ಹತ್ತು ಗಂಟೆಗೆ ಡಬ್ಬ ಹುಡುಕುವ ಹಸಿವು ಬಸ್ಸಾರಿನ ದಿನಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಕಡಲೆಕಾಯಿ ಬೀಜ ಒಂದು ಹಿಡಿ 30 ಗ್ರಾಂ, 155 ಕ್ಯಾಲೊರಿ. ಬಿಡಬೇಕಾಗಿಲ್ಲ, ತಿನ್ನುವಷ್ಟನ್ನು ಬಟ್ಟಲಿಗೆ ಹಾಕಿಕೊಂಡು ಡಬ್ಬ ಮುಚ್ಚಿದರೆ ಸಾಕು. ಕಾಯಿತುರಿ, ಬೆಲ್ಲ ಇವನ್ನೂ ಒಂದೆರಡು ವಾರ ತೂಗಿ ನೋಡಿ ಬಿಟ್ಟೆ. ಕೈಗೆ ಅಂದಾಜು ಕೂತ ಮೇಲೆ ದಿನಾ ತೂಗುವ ಅಗತ್ಯ ಇಲ್ಲ. ಈಗ ನಿತ್ಯ ತೂಗುವುದು ಎಣ್ಣೆ, ಹಿಟ್ಟು, ಅಕ್ಕಿ ಮಾತ್ರ.

ಫಲ ಏನು ಎಂದು ಕೇಳುವವರಿಗೆ: ಮುಳ್ಳು ಮತ್ತೆ ಕದಲಿತು, ಆದರೆ ಬಹಳ ನಿಧಾನವಾಗಿ. ದಸರಾ ಹೊತ್ತಿಗೆ 70ರ ಸಮೀಪ ಬಂದು ಮತ್ತೆ ನಿಂತಿತು, ಹಬ್ಬ ಕಳೆದ ಮೇಲೆ ಮತ್ತೆ ಇಳಿಯಿತು, ಈಗ 69ರ ಅಕ್ಕಪಕ್ಕ ಇದೆ. ನಿಂತಾಗಲೆಲ್ಲ ಊಟ ಇನ್ನಷ್ಟು ಕಡಿಮೆ ಮಾಡುವುದನ್ನು ನಾನು ಒಪ್ಪುವುದಿಲ್ಲ. ಇಳಿದ ಐದಾರು ಕೆಜಿಯನ್ನು ಹಾಗೆಯೇ ಉಳಿಸಿಕೊಂಡು ನಾಲ್ಕು ತಿಂಗಳು ಕಳೆದರೆ ಅದೂ ದೊಡ್ಡ ಸಾಧನೆ.

ಇನ್ನು ತಕ್ಕಡಿಯ ಗುಣದೋಷ. ಒಂದು ನಕ್ಷತ್ರ ಕಡಿಮೆಯಾದದ್ದು ಎರಡು ಕಾರಣಕ್ಕೆ. ಎರಡು ನಿಮಿಷ ಕೈ ತಾಗಿಸದಿದ್ದರೆ ತಾನೇ ಆರಿಹೋಗುತ್ತದೆ, ಟೇರ್ ಮಾಡಿದ ಲೆಕ್ಕವೂ ಅದರ ಜೊತೆ ಹೋಗುತ್ತದೆ. ಹಿಟ್ಟು ಸುರಿಯುತ್ತಿರುವಾಗ ಕುಕ್ಕರ್ ಕೂಗಿತು ಎಂದು ಆ ಕಡೆ ತಿರುಗಿದರೆ ಮತ್ತೆ ಮೊದಲಿನಿಂದ ಶುರು. ಇನ್ನೊಂದು, ಸ್ವಲ್ಪ ಸ್ವಲ್ಪವೇ ಹಾಕಿದರೆ ಇದು ಗಮನಿಸುವುದಿಲ್ಲ. ಸೊನ್ನೆ ತೋರಿಸುತ್ತಿರುವಾಗ ಸಾಸಿವೆ, ಜೀರಿಗೆ ಅಥವಾ ತೊಟ್ಟು ತೊಟ್ಟು ತುಪ್ಪ ಹಾಕಿ ನೋಡಿ, ಸೊನ್ನೆಯೇ ಇರುತ್ತದೆ. ಅಗ್ಗದ ತಕ್ಕಡಿಗಳು ಸಣ್ಣ ಏರಿಳಿತವನ್ನು ತಾವೇ ಸೊನ್ನೆಗೆ ತಂದುಕೊಳ್ಳುತ್ತವೆ. ಬಟ್ಟಲಿಗೆ ಒಂದೇ ಸಲ ಹಾಕಿ ಇಟ್ಟರೆ, ಇಲ್ಲವೇ ಮೇಲೆ ಹೇಳಿದ ಮೈನಸ್ ಲೆಕ್ಕ ಮಾಡಿದರೆ ಸರಿಯಾಗಿ ಬರುತ್ತದೆ. ದೊಡ್ಡ ಪಾತ್ರೆ ಇಟ್ಟರೆ ಅಂಕಿ ಮರೆಯಾಗುತ್ತದೆ, ಕೆಳಗೆ ಒಂದು ಚಿಕ್ಕ ಬಟ್ಟಲು ಬೋರಲು ಹಾಕಿಕೊಳ್ಳಿ. ಮಿಲಿಲೀಟರ್ ಬಟನ್ ನೀರಿಗೆ ಸರಿ, ಎಣ್ಣೆಗೆ ನಂಬಬೇಡಿ. ಬಿಸಿ ಬಾಣಲೆಯನ್ನು ಇದರ ಮೇಲೆ ಇಡಲೇಬೇಡಿ.

ಇದಕ್ಕೂ ಮುಂಚೆ ಇನ್ನೊಂದು ಕಂಪನಿಯ ಗಾಜಿನ ತಕ್ಕಡಿ ತಂದಿದ್ದೆವು. ಮಳೆಗಾಲದಲ್ಲಿ ಅಂಕಿಗಳು ಅರ್ಧರ್ಧ ಕಾಣತೊಡಗಿದವು, ಮಾರಿದವರು ಬದಲಿಸಿ ಕೊಡಲಿಲ್ಲ. ಆದ್ದರಿಂದ ಸಾಧ್ಯವಾದರೆ ಅಂಗಡಿಗೆ ಹೋಗಿ, ಅಲ್ಲೇ ಪರೀಕ್ಷಿಸಿ ತನ್ನಿ. ಹತ್ತು ರೂಪಾಯಿಯ ಹತ್ತು ನಾಣ್ಯ ಇಟ್ಟರೆ 77 ಗ್ರಾಂ ಬರಬೇಕು. ಮನೆಯಲ್ಲಾದರೆ ಅರ್ಧ ಲೀಟರ್ ನಂದಿನಿ ಹಾಲಿನ ಪ್ಯಾಕೆಟ್ ಇಡಿ. ಹಾಲು ನೀರಿಗಿಂತ ತುಸು ಭಾರ, ಕವರೂ ಸೇರಿ 515ರಿಂದ 520 ಗ್ರಾಂ ಹತ್ತಿರ ತೋರಿಸಿದರೆ ತಕ್ಕಡಿ ಸರಿಯಾಗಿದೆ. ಬಟನ್ ಸೆಲ್ ಹಾಕುವುದಕ್ಕಿಂತ ರಿಮೋಟಿನ ಸೆಲ್ ಹಾಕುವುದನ್ನೇ ಆರಿಸಿ, ಯಾವ ಅಂಗಡಿಯಲ್ಲೂ ಸಿಗುತ್ತದೆ.

ಹೊರಗಿನ ಊಟಕ್ಕೆ ಇದನ್ನು ನಾನು ತರುವುದಿಲ್ಲ. ಬೆಣ್ಣೆ ಹಾಕಿದ ಮಸಾಲೆ ದೋಸೆ, ಊರಿನ ಬೀಗರೂಟ ಇವು ಬಂದ ದಿನ ತೃಪ್ತಿಯಾಗಿ ಉಂಡು ಏಳುತ್ತೇನೆ, ಮಾರನೆಯ ದಿನ ಎಂದಿನ ಊಟ.

ಎಲ್ಲರಿಗೂ ಇದು ಆಗಿಬರುವ ವಸ್ತು ಅಲ್ಲ ಎಂಬುದನ್ನೂ ಬರೆಯಲೇಬೇಕು. ಅಂಕಿ ಕಂಡರೆ ಊಟದ ಬಗ್ಗೆ ಭಯ ಹುಟ್ಟುವವರು, ಹಿಂದೆ ಊಟ ಬಿಟ್ಟು ಮೈ ಕೆಡಿಸಿಕೊಂಡವರು ಇದನ್ನು ತರಬೇಡಿ. ಬೆಳೆಯುವ ಮಕ್ಕಳ ತಟ್ಟೆಯನ್ನು ತೂಗಬೇಡಿ. ಬಸುರಿ ಬಾಣಂತಿಯರು ತೂಕ ಇಳಿಸುವ ಗೊಡವೆಗೆ ಹೋಗುವ ಕಾಲ ಅದಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಮುದ್ದೆ, ಅನ್ನದ ಅಳತೆ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ, ಔಷಧಿಯ ಪ್ರಮಾಣವನ್ನೂ ಬದಲಿಸಬೇಕಾಗಬಹುದು. ಹಾಗೆ ಹೇಳದೆ ಊಟ ಮಾತ್ರ ಕಡಿಮೆ ಮಾಡಿದರೆ ಸಕ್ಕರೆ ಏಕಾಏಕಿ ಇಳಿದು ಅಪಾಯವಾಗುತ್ತದೆ.