ಆರು ವರ್ಷ ಬಳಸಿದ 35 ಎಚ್‌ಪಿ ಟ್ರ್ಯಾಕ್ಟರ್: ಯಾರೂ ಮುಟ್ಟದ ಡ್ರಾಫ್ಟ್ ಲಿವರ್

ಎಚ್‌ಪಿ, ಸಿಲಿಂಡರ್, ಗೇರುಗಳ ಲೆಕ್ಕ ಶೋರೂಮಿನ ಹಾಳೆಯಲ್ಲೇ ಇದೆ, ಬಿಡಿ. ಹಿಂದಿನ ನೇಗಿಲನ್ನು ಎತ್ತಿ ಇಳಿಸಲು ಸೀಟಿನ ಪಕ್ಕ ಇರುವ ಎರಡು ಹೈಡ್ರಾಲಿಕ್ ಲಿವರ್‌ಗಳಲ್ಲಿ (ಪೊಸಿಷನ್, ಡ್ರಾಫ್ಟ್) ಡ್ರಾಫ್ಟ್ ಲಿವರನ್ನು ಒಮ್ಮೆಯೂ ಮುಟ್ಟದೆ ಗಾಡಿ ಮಾರುವವರಿದ್ದಾರೆ. ಎರೆ ಹೊಲದಲ್ಲಿ ಪಲ್ಟಿ ನೇಗಿಲನ್ನೂ ಪೊಸಿಷನ್ ಲಿವರ್‌ನಲ್ಲೇ ಹೊಡೆಯುವುದು, ಚಕ್ರ ಜಾರಿದರೆ ‘ಗಾಡಿಗೆ ತಾಕತ್ತಿಲ್ಲ’ ಅನ್ನುವುದು.

ಪೊಸಿಷನ್ ಲಿವರ್ ನೇಗಿಲನ್ನು ಇಟ್ಟ ಎತ್ತರದಲ್ಲೇ ಹಿಡಿಯುತ್ತದೆ. ಡ್ರಾಫ್ಟ್ ಹಾಗಲ್ಲ. ಗಟ್ಟಿ ನೆಲ ಸಿಕ್ಕರೆ ಟಾಪ್ ಲಿಂಕ್ (ನೇಗಿಲನ್ನು ಗಾಡಿಗೆ ಮೇಲ್ಗಡೆ ಜೋಡಿಸುವ ಸರಳು) ಮುಂದಕ್ಕೆ ಒತ್ತಿ, ಅದರ ತುದಿಯ ದಪ್ಪ ಸ್ಪ್ರಿಂಗ್ ಅದುಮಿ, ವಾಲ್ವ್ ಸರಿದು ನೇಗಿಲು ಒಂದಿಷ್ಟು ಮೇಲೇಳುತ್ತದೆ. ಭಾರ ಹಿಂದಿನ ಟೈರಿನ ಮೇಲೆ ಕೂರುತ್ತದೆ. ಐರಿಷ್ ಎಂಜಿನಿಯರ್ ಹ್ಯಾರಿ ಫರ್ಗುಸನ್ 1936ರ ಫರ್ಗುಸನ್-ಬ್ರೌನ್ ಟ್ರ್ಯಾಕ್ಟರಿನಲ್ಲಿ, ಆಮೇಲೆ 1939ರ ಫೋರ್ಡ್ 9ಎನ್‌ನಲ್ಲಿ ಕೊಟ್ಟದ್ದು ಇದೇ ಏರ್ಪಾಟು. ಹಗುರ ಗಾಡಿ ಆಳ ಉಳಬಲ್ಲದು ಎನ್ನುವುದು ಇದರಿಂದಲೇ.

ಉಳುವ ಮುನ್ನ ಆ ಸ್ಪ್ರಿಂಗನ್ನು ಕೈಯಲ್ಲಿ ಹಿಡಿದು ನೋಡಿ. ಬೆರಳಲ್ಲಿ ತಿರುಗಬೇಕು, ಹಿಂದೆ ಮುಂದೆ ಆಟ (ಸಡಿಲ) ಮಾತ್ರ ಇರಕೂಡದು. ಆಟವಿದ್ದರೆ ನೇಗಿಲೆತ್ತುವ ಲಿಫ್ಟ್ ಕುಪ್ಪಳಿಸುತ್ತದೆ. ಡ್ರಾಫ್ಟ್ ಲಿವರನ್ನು ಮೆಲ್ಲಗೆ ಇಳಿಸುತ್ತಾ ಹೋಗಿ, ಬೇಕಾದ ಆಳ ಬಂದಲ್ಲಿ ಸ್ಟಾಪರ್ ತಿರುಪು ಬಿಗಿ ಮಾಡಿ. ನೇಗಿಲು ನೆಲ ಕಚ್ಚದಿದ್ದರೆ ಟಾಪ್ ಲಿಂಕನ್ನು ಒಂದೆರಡು ಸುತ್ತು ಗಿಡ್ಡ ಮಾಡಿ. ರೋಟವೇಟರ್‌ಗೆ, ಕೂರಿಗೆಗೆ ಪೊಸಿಷನ್ ಲಿವರೇ ಸರಿ.

ಇಷ್ಟು ಹೊಗಳಿದ ಮೇಲೆ ಬೈಗುಳವೂ ಇದೆ. ಈ ಗಾಡಿಯ ಸಿಂಗಲ್ ಕ್ಲಚ್ ಮಾಡೆಲ್‌ನಲ್ಲಿ ಹೈಡ್ರಾಲಿಕ್ ಪಂಪ್ ಪಿಟಿಒ ಶಾಫ್ಟಿನಿಂದ (ರೋಟವೇಟರ್‌ನಂಥ ಸಲಕರಣೆ ತಿರುಗಿಸುವ ಹಿಂದಿನ ಶಾಫ್ಟ್) ತಿರುಗುತ್ತದೆ. ಕ್ಲಚ್ ಒತ್ತಿದರೆ ಲಿಫ್ಟೂ ನಿಂತಿತು, ರೋಟವೇಟರೂ ನಿಂತಿತು. ಬದುವಿನ ಹತ್ತಿರ ಮೊದಲು ನೇಗಿಲು ಎತ್ತಿ ಆಮೇಲೆ ಕ್ಲಚ್ ಒತ್ತುವ ಅಭ್ಯಾಸ ಬೇಕು. 1946ರ ಫರ್ಗುಸನ್ ಟಿಇ20 ಟ್ರ್ಯಾಕ್ಟರಿನಲ್ಲೇ ಇದ್ದ ಕೊರತೆ ಇದು! ನಾಲ್ಕು ಕಾಸು ಹೆಚ್ಚಾದರೂ, ಗಾಡಿ ನಿಂತರೂ ಪಿಟಿಒ ತಿರುಗುತ್ತಿರುವ ಡ್ಯುಯಲ್ ಕ್ಲಚ್ಚೇ ಕೇಳಿ ತೆಗೆದುಕೊಳ್ಳಿ. ಬರೀ ಟ್ರೇಲರ್ ಎಳೆಯುವುದಾದರೆ ಬೇಡ.

ಲಿಫ್ಟ್ ತಾನಾಗಿ ಇಳಿಯುತ್ತಿದ್ದರೆ ನೇಗಿಲೆತ್ತಿ ಇಂಜಿನ್ ಬಂದ್ ಮಾಡಿ ನೋಡಿ. ಕೆಲವೇ ನಿಮಿಷದಲ್ಲಿ ಕುಸಿದರೆ, ಇಂಜಿನ್ ಓಡುವಾಗ ಲಿಫ್ಟ್ ಮೇಲೆ ಕೆಳಗೆ ತೂಗಾಡಿದರೆ, ಲಿಫ್ಟ್ ಪಿಸ್ಟನ್ ರಿಂಗನ್ನೋ ಪೈಪಿನ ಓ-ರಿಂಗನ್ನೋ ಅನುಮಾನಿಸಿ. ಅದಕ್ಕೂ ಮುಂಚೆ ಡಿಪ್‌ಸ್ಟಿಕ್ ಎಳೆಯಿರಿ: ಗದ್ದೆ ಕೆಸರು ಮಾಡಿದ ಮೇಲೆ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ನೀರು ಹೊಕ್ಕಿದೆ. ಗೇರು, ಲಿಫ್ಟು ಎರಡಕ್ಕೂ ಅದೊಂದೇ ಆಯಿಲ್, ಪೂರ್ತಿ ಬಸಿಯದೆ ಮೇಲೆ ಹೊಸದು ಸುರಿದರೆ ದುಡ್ಡು ದಂಡ.